ಕ್ಯಾಮೆರಾ ಪಕ್ಕ ಹಾರುವ ಹೆಬ್ಬಾತು, ಬೆಲ್ಲಕ್ಕೆ ಬರುವ ಕರಡಿ

ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿನ ಕೊಪ್ಪಳದ ದಂಡೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಹಿಮಾಲಯ ದಾಟಿ ಬಂದ ಈ ಹಕ್ಕಿಗಳ ಫೋಟೊ ತೆಗೆಯಲು ಹೋದವರಿಗೆ ಅವುಗಳ ಎಚ್ಚರ ಗೊತ್ತು. ಒಂದು ಹಕ್ಕಿ ಕತ್ತೆತ್ತಿದರೆ ಸಾಕು, ಗುಂಪಿಗೆ ಗುಂಪೇ ನೀರಿನ ನಡುವಿಗೆ ಸರಿದುಬಿಡುತ್ತದೆ. ಹಾಗಿದ್ದಾಗ ಟಿವಿಯಲ್ಲಿ ಒಂದೊಂದು ಗರಿಯೂ ಕಾಣುವಷ್ಟು ಹತ್ತಿರದಿಂದ ಹಾರುವ ಹೆಬ್ಬಾತನ್ನು ತೋರಿಸುತ್ತಾರಲ್ಲ, ಅದು ಹೇಗೆ?

ಎಷ್ಟೋ ಸಲ ಆ ಹಕ್ಕಿ ಮನುಷ್ಯರ ಕೈಯಲ್ಲೇ ಬೆಳೆದದ್ದು. ಹೆಬ್ಬಾತಿನ ಮರಿ ಕಣ್ಣು ತೆರೆದೇ ಮೊಟ್ಟೆಯಿಂದ ಹೊರಬರುತ್ತದೆ, ಬೇಗನೆ ನಡೆದಾಡುತ್ತದೆ. ಮೊದಲ ಒಂದೆರಡು ದಿನ ಎದುರಿಗೆ ಓಡಾಡಿದ್ದನ್ನೇ ತಾಯಿಯೆಂದು ಮನಸ್ಸಿಗೆ ಅಚ್ಚೊತ್ತಿಕೊಳ್ಳುತ್ತದೆ. ಈ ಗುಣವನ್ನು ವಿವರವಾಗಿ ಅಭ್ಯಸಿಸಿದ ಕಾನ್ರಾಡ್ ಲೊರೆಂಟ್ಸ್‌ಗೆ 1973ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. 2001ರಲ್ಲಿ ತೆರೆಕಂಡ ಫ್ರಾನ್ಸಿನ ಚಿತ್ರವೊಂದರ ತಂಡ, ಮೊಟ್ಟೆಯೊಳಗಿನ ಮರಿಗಳಿಗೇ ಮನುಷ್ಯರ ದನಿ ಮತ್ತು ಪುಟ್ಟ ವಿಮಾನದ ಎಂಜಿನ್ ಸದ್ದು ಕೇಳಿಸಿತ್ತು. ದೊಡ್ಡವಾದ ಮೇಲೆ ಅವು ಆ ವಿಮಾನದ ಜತೆಗೇ ಹಾರಿದವು. ಚಾಟಿ ಹಿಡಿದು ಪಳಗಿಸುವ ಮಾತೇ ಇಲ್ಲ. ಆದರೆ ಯಾರಾದರೊಬ್ಬರು ತಿಂಗಳುಗಟ್ಟಲೆ ಮರಿಗಳ ಜತೆಯೇ ಬದುಕಬೇಕು. ಕಣ್ಣು ಮುಚ್ಚಿಕೊಂಡೇ ಹುಟ್ಟುವ ಪಾರಿವಾಳದ ಮರಿಯಲ್ಲಿ ಈ ಉಪಾಯ ಹೀಗೇ ನಡೆಯದು.

ಹೀಗೆ ಪಳಗಿದ ಹಕ್ಕಿಯ ಹಾರಾಟ ಸುಳ್ಳಲ್ಲ. ಮನುಷ್ಯರೇ ಸಾಕಿದ, ಬಾಗಿದ ಉದ್ದ ಕೊಕ್ಕಿನ 14 ಐಬಿಸ್ ಹಕ್ಕಿಗಳು ಪುಟ್ಟ ವಿಮಾನದ ಹಿಂದೆ ಹಾರುವಾಗ ವಿಜ್ಞಾನಿಗಳು ಅವುಗಳ ಬೆನ್ನಿಗೆ ಉಪಕರಣ ಕಟ್ಟಿ ಹಾರಾಟವನ್ನು ಅಳೆದರು. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಕಂಡದ್ದು ಬೆರಗಿನ ಸಂಗತಿ: ಹಿಂದಿನ ಹಕ್ಕಿ, ಮುಂದಿನದರ ರೆಕ್ಕೆತುದಿಯಿಂದ ಮೇಲೇಳುವ ಗಾಳಿ ಸಿಗುವ ಜಾಗವನ್ನೇ ಹಿಡಿಯುತ್ತದೆ, ಆ ಗಾಳಿಗೆ ಹೊಂದುವಂತೆ ರೆಕ್ಕೆ ಬಡಿಯುತ್ತದೆ. ವಿಮಾನ ಅದನ್ನು ಕಲಿಸಿರಲಿಲ್ಲ. ಸುಳ್ಳು ನುಸುಳುವುದು ಬೇರೆ ಕಡೆ. ಎಂದು ಹೊರಡಬೇಕು, ಎಲ್ಲಿ ಇಳಿಯಬೇಕು ಎಂದು ತೀರ್ಮಾನಿಸಿದ್ದು ಪೈಲಟ್. ಇದನ್ನು ನೋಡುಗರಿಗೆ ಚಿತ್ರದಲ್ಲೇ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಳ್ಳಾರಿ ಸೀಮೆಯ ದರೋಜಿ ಕರಡಿಧಾಮದಲ್ಲಿ ಇದೇ ಪ್ರಶ್ನೆ ಇನ್ನೂ ಸೂಕ್ಷ್ಮ. ಅಲ್ಲಿನ ಕರಡಿಗಳನ್ನು ಯಾರೂ ಪಳಗಿಸಿಲ್ಲ. ಕರಡಿಯನ್ನು ಪ್ರದರ್ಶನಕ್ಕೆ ತರಬೇತುಗೊಳಿಸುವುದನ್ನು 1998ರ ಕೇಂದ್ರ ಅಧಿಸೂಚನೆ ನಿಷೇಧಿಸಿದೆ. ಆದರೆ ಬಂಡೆಗೆ ಬೆಲ್ಲದ ಪಾಕ ಬಳಿದಿಟ್ಟರೆ ಇಳಿಹೊತ್ತಿಗೆ ಅವು ಗುಡ್ಡದಿಂದ ಇಳಿದು ಬರುತ್ತವೆ, ಎದುರಿನ ವೀಕ್ಷಣಾ ಗೋಪುರದಿಂದ ಕ್ಯಾಮೆರಾಗಳು ಕ್ಲಿಕ್ಕಿಸುತ್ತವೆ. ಇಂಥ ಹೊತ್ತಿಗೆ ಇಂಥ ಕಡೆ ಸಿಹಿ ಸಿಗುತ್ತದೆಂದು ಕಲಿಯುವುದೂ ಒಂದು ಬಗೆಯ ತರಬೇತಿಯೇ ಅಲ್ಲವೇ?

ಬೆಲ್ಲ ನೆಕ್ಕುವ ಕರಡಿಯ ಚಿತ್ರ ಚಂದವೇ. ಅದರ ನಿಜವಾದ ಕಸುಬು ಮಾತ್ರ ಅಲ್ಲಿ ಕಾಣುವುದಿಲ್ಲ. ಈ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಉಗುರಿನಿಂದ ಹುತ್ತ ಕೆದರಿ, ಮಣ್ಣನ್ನು ಉಫ್ ಎಂದು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು ಆ ಸಂದಿಯಿಂದಲೇ ಗೆದ್ದಲು ಹೀರುತ್ತದೆ. ಆ ಸದ್ದು 100 ಮೀಟರಿಗೂ ಆಚೆ ಕೇಳಿಸುತ್ತದೆ. ಅದನ್ನು ಚಿತ್ರಿಸಬೇಕೆಂದರೆ ಬಂಡೆ ಬಿಟ್ಟು ಹುತ್ತದತ್ತ ಲೆನ್ಸ್ ತಿರುಗಿಸಿ ಕಾಯಬೇಕು. ಬರುವುದೂ ಬಿಡುವುದೂ ಕರಡಿಗೆ ಸೇರಿದ್ದು.