ಸೀರೆ ಅಂಗಡಿಯ ಜಾಹೀರಾತು: ಕ್ಯಾಮೆರಾಗಿಂತ ಮೊದಲು ಹಾಕಬೇಕಾದ ಲೆಕ್ಕ

ಆಷಾಢದಲ್ಲಿ ರಿಯಾಯಿತಿ ಮಾರಾಟ ಎಷ್ಟೇ ಇರಲಿ, ಮದುವೆಯ ಜವಳಿ ತೆಗೆಯುವವರು ಇರುವುದಿಲ್ಲವಾದ್ದರಿಂದ ರೇಷ್ಮೆ ಸೀರೆಯ ಮಹಡಿ ಬಣಗುಡುತ್ತಿರುತ್ತದೆ. ನಮ್ಮಂತೆ ಸಣ್ಣ ಜಾಹೀರಾತು ಚಿತ್ರಗಳನ್ನು ತೆಗೆಯುವ ಛಾಯಾಗ್ರಾಹಕರಿಗೆ ಅದೇ ಸುಗ್ಗಿಯ ಕಾಲ. ವರಮಹಾಲಕ್ಷ್ಮಿ ಹಬ್ಬದೊಳಗೆ ಮೂವತ್ತು ಸೆಕೆಂಡಿನ ಚಿತ್ರವೊಂದು ಬೇಕು, ಅಂಗಡಿಯಲ್ಲೇ ತೆಗೆಯಬೇಕು, ಒಂದೇ ದಿನದಲ್ಲಿ ಮುಗಿಯಬೇಕು ಎಂದು ಮಾಲೀಕರು ಹೇಳುತ್ತಾರೆ, ಆ ಬೆನ್ನಿಗೇ ಯಾವ ಕ್ಯಾಮೆರಾ ತರುತ್ತೀರಿ ಎಂದು ಕೇಳುತ್ತಾರೆ. ಕಸುಬಿಗೆ ಹೊಸದಾಗಿ ಬಂದ ಹುಡುಗರ ಮೊದಲ ಪ್ರಶ್ನೆಯೂ ಇದೇ. ನನ್ನ ಸಾಮಾನು ಪಟ್ಟಿಯಲ್ಲಿ ಕ್ಯಾಮೆರಾ ಕೊನೆಯ ಸಾಲಿನಲ್ಲಿರುತ್ತದೆ. ಅದಕ್ಕೂ ಮೊದಲು ತುಂಬಬೇಕಾದ ಸಾಲುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇತ್ಯರ್ಥವಾಗಬೇಕಾದದ್ದು ಚಿತ್ರ ಎಲ್ಲಿ ಓಡುತ್ತದೆ ಎಂಬುದು. ಊರಿನ ಚಿತ್ರಮಂದಿರಕ್ಕೂ ಕೇಬಲ್ ವಾಹಿನಿಗೂ ಅಡ್ಡ ಚೌಕಟ್ಟು ಬೇಕು, ಮೊಬೈಲಿನ ರೀಲ್‌ಗೆ ಉದ್ದ ಚೌಕಟ್ಟು ಬೇಕು. 3840×2160 ಅಳತೆಯ ಅಡ್ಡ ಚಿತ್ರದಿಂದ 1215 ಪಿಕ್ಸೆಲ್ ಅಗಲದ ಉದ್ದನೆಯ ಪಟ್ಟಿಯೊಂದನ್ನು ಕತ್ತರಿಸಿಕೊಳ್ಳಬಹುದು. ರೀಲ್‌ಗೆ 1080 ಸಾಕಾದ್ದರಿಂದ ಲೆಕ್ಕ ಸರಿಹೋಗುತ್ತದೆ. ಚಿತ್ರ ಮಾತ್ರ ಸರಿಹೋಗುವುದಿಲ್ಲ, ಏಕೆಂದರೆ ಉಟ್ಟ ಸೀರೆಯ ಮೇಲೆ ನೋಡುವವರ ಕಣ್ಣು ನೆರಿಗೆಯಿಂದ ಹೆಗಲಿನವರೆಗೆ ಏರುತ್ತದೆ, ಹರಡಿಟ್ಟ ಸೆರಗಿನ ಮೇಲೆ ಅಡ್ಡಡ್ಡ ಓಡುತ್ತದೆ. ಆದ್ದರಿಂದ ಉಟ್ಟು ನಿಂತ ಮುಖ್ಯ ಷಾಟ್‌ಗಳನ್ನು ಕ್ಯಾಮೆರಾ ತಿರುಗಿಸಿ ಇನ್ನೊಮ್ಮೆ ತೆಗೆಯುತ್ತೇನೆ, ಉಳಿದವನ್ನು ಕತ್ತರಿಸಲು ಬಿಡುತ್ತೇನೆ.

ಷಾಟ್ ಒಂದಕ್ಕೆ ಎರಡು ಸೆಕೆಂಡ್ ಎಂದು ಹಿಡಿದರೂ ಮೂವತ್ತು ಸೆಕೆಂಡಿಗೆ ಹದಿನೈದು ಷಾಟ್ ಬೇಕು. ಸಂಕಲನಕ್ಕೆ ಆಯ್ಕೆ ಇರಲೆಂದು ಇಪ್ಪತ್ತು ಬರೆದುಕೊಳ್ಳುತ್ತೇನೆ. ಕಥೆಯ ಕ್ರಮದಲ್ಲಿ ಬರೆದ ಆ ಪಟ್ಟಿಯನ್ನು ಬೆಳಕಿನ ಕ್ರಮದಲ್ಲಿ ಮತ್ತೆ ಬರೆಯುವಾಗಲೇ ನಿಜವಾದ ಯೋಜನೆ ಶುರುವಾಗುತ್ತದೆ. ಮೂವರು ಲೈಟ್ ಹುಡುಗರಿರುವ ಯೂನಿಟ್‌ಗೆ ಒಂದು ಕಡೆಯ ದೀಪಗಳನ್ನು ಕಿತ್ತು ಇನ್ನೊಂದು ಕಡೆ ಕಟ್ಟಲು ಮುಕ್ಕಾಲು ಗಂಟೆ ಹಿಡಿಯುತ್ತದೆ, ಹಾಗಾಗಿ ಒಂದು ದಿನದಲ್ಲಿ ಆರೇಳು ಬದಲಾವಣೆಗಿಂತ ಹೆಚ್ಚು ಆಗುವುದಿಲ್ಲ. ರೂಪದರ್ಶಿಗೆ ಸೀರೆ ಬದಲಿಸಿ, ನೆರಿಗೆ ಹಿಡಿದು, ಪಿನ್ ಹಾಕಿ, ಒಡವೆ ತೊಡಿಸಿ ಕರೆತರಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಈ ಎರಡೂ ಕೆಲಸ ಏಕಕಾಲಕ್ಕೆ ನಡೆಯುವಂತೆ ಪಟ್ಟಿಯನ್ನು ಹೊಂದಿಸಿದರೆ ಸಂಜೆಯ ಎರಡು ಗಂಟೆ ಉಳಿಯುತ್ತದೆ. ಒಂದಾದ ಮೇಲೊಂದು ನಡೆದರೆ ಕೊನೆಯ ನಾಲ್ಕು ಷಾಟ್ ಬಿಟ್ಟುಹೋಗುತ್ತವೆ, ಮಾಲೀಕರು ಆಸೆಪಟ್ಟು ಹೇಳಿದ್ದ ಷಾಟ್ ಹೇಗೋ ಏನೋ ಆ ನಾಲ್ಕರಲ್ಲೇ ಇರುತ್ತದೆ.

ಸ್ಥಳ ನೋಡಲು ಚಿತ್ರೀಕರಣ ನಡೆಯುವ ಹೊತ್ತಿಗೇ ಹೋಗಬೇಕು. ಅಂಗಡಿ ತೆರೆಯುವ ಮುಂಚೆ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಜಾಗ ನಮ್ಮದು ಎಂದು ಮಾತಾಗಿದ್ದರೆ ಮಧ್ಯಾಹ್ನ ಹೋಗಿ ನೋಡಿದ್ದು ಪ್ರಯೋಜನಕ್ಕೆ ಬರುವುದಿಲ್ಲ. ಬೆಳಕಿನ ಬಣ್ಣದ ಅಳತೆ ಕೆಲ್ವಿನ್. ಚಾವಣಿಯಲ್ಲಿ 6500 ಕೆಲ್ವಿನ್‌ನ ತಣ್ಣನೆಯ ಬಿಳಿ ದೀಪ, ಕಪಾಟುಗಳಲ್ಲಿ 3000 ಕೆಲ್ವಿನ್‌ನ ಹಳದಿ ದೀಪ, ಗಾಜಿನ ಬಾಗಿಲಿನಿಂದ ಮಳೆಗಾಲದ ನೀಲಿ ಬೆಳಕು, ಹೀಗೆ ಮೂರು ಬಣ್ಣದ ಬೆಳಕು ಒಂದೇ ಮುಖದ ಮೇಲೆ ಬೀಳುವ ಅಂಗಡಿಗಳೇ ಹೆಚ್ಚು. ಯಾವ ಸ್ವಿಚ್ ಯಾವ ದೀಪದ್ದು ಎಂಬುದನ್ನು ಅಂಗಡಿಯ ಎಲೆಕ್ಟ್ರಿಷಿಯನ್ ಅವರಿಂದ ತಿಳಿದು ಬೋರ್ಡಿನ ಮೇಲೆ ಚೀಟಿ ಅಂಟಿಸಿ ಬರುವುದು ನನ್ನ ರೂಢಿ. ಚಾವಣಿಯದನ್ನು ಪೂರ್ತಿ ಆರಿಸಿ, ಹಿನ್ನೆಲೆಯ ಕಪಾಟಿನ ಹಳದಿಯನ್ನು ಹಾಗೇ ಉಳಿಸಿಕೊಂಡು, ಮುಖಕ್ಕೂ ಸೀರೆಗೂ ನಮ್ಮದೇ ದೀಪ ಹಾಕಿದರೆ ಅಂಗಡಿ ಅಂಗಡಿಯಂತೆಯೇ ಕಾಣುತ್ತದೆ.

ವಿದ್ಯುತ್ತಿನ ಲೆಕ್ಕವನ್ನೂ ಅಂದೇ ಮುಗಿಸಬೇಕು. 230 ವೋಲ್ಟ್‌ನಲ್ಲಿ 5 ಆಂಪಿಯರ್‌ನ ಸಾಕೆಟ್ಟು ಸುಮಾರು 1150 ವಾಟ್ ತಾಳುತ್ತದೆ, 15 ಆಂಪಿಯರ್‌ನದು ಸುಮಾರು 3450 ವಾಟ್. ಈಗಿನ 300 ವಾಟ್‌ನ ಎಲ್‌ಇಡಿ ದೀಪಗಳು ಎರಡೋ ಮೂರೋ ಇದ್ದರೆ ತೊಂದರೆಯಿಲ್ಲ. ತೊಂದರೆ ತರುವುದು ಸೀರೆಯ ಸುಕ್ಕು ತೆಗೆಯಲು ಯಾರೋ ಪಕ್ಕದ ಸಾಕೆಟ್ಟಿಗೆ ಚುಚ್ಚುವ ಇಸ್ತ್ರಿ ಪೆಟ್ಟಿಗೆ. ಅದಕ್ಕೆ ಬೇರೆ ಲೈನಿನ ಸಾಕೆಟ್ಟನ್ನು ಮೊದಲೇ ಗೊತ್ತುಮಾಡಿ, ವಸ್ತ್ರಗಳನ್ನು ನೋಡಿಕೊಳ್ಳುವವರಿಗೆ ತೋರಿಸಿಬಿಡುವುದು ಒಳ್ಳೆಯದು.

ಇಲ್ಲಿ ನನ್ನದೇ ಹಳೆಯ ತಪ್ಪೊಂದನ್ನು ಹೇಳಬೇಕು. ಸೆರಗು ಗಾಳಿಯಲ್ಲಿ ನಿಧಾನವಾಗಿ ಇಳಿಯುವ ಷಾಟನ್ನು ಅಂಗಡಿಯ ಟ್ಯೂಬ್‌ಲೈಟುಗಳ ಕೆಳಗೇ ಸೆಕೆಂಡಿಗೆ 120 ಫ್ರೇಮ್‌ನಲ್ಲಿ ತೆಗೆದಿದ್ದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ಸಂಕಲನದ ಮೇಜಿನ ಮೇಲೆ ನೋಡಿದರೆ ಚಿತ್ರವೆಲ್ಲ ಮಿನುಗುತ್ತಿತ್ತು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಆವರ್ತ; ಪ್ರತಿ ಆವರ್ತದಲ್ಲೂ ಬೆಳಕು ಎರಡು ಸಲ ಏರಿಳಿಯುವುದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 120ಕ್ಕೂ 100ಕ್ಕೂ ಇರುವ ವ್ಯತ್ಯಾಸ 20. ಸೆಕೆಂಡಿಗೆ ಇಪ್ಪತ್ತು ಸಲದ ಆ ಮಿನುಗನ್ನು 25 ಫ್ರೇಮ್‌ನಲ್ಲಿ ನಿಧಾನಗೊಳಿಸಿ ಓಡಿಸಿದಾಗ ಸೆಕೆಂಡಿಗೆ ಸುಮಾರು ನಾಲ್ಕು ಸಲದ ಮಿಡಿತವಾಗಿ ಕಣ್ಣಿಗೆ ಹೊಡೆಯಿತು. ಸಾಮಾನ್ಯ ವೇಗದಲ್ಲಿ 25 ಫ್ರೇಮ್, ಷಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಎಂದಿಟ್ಟುಕೊಂಡರೆ ನಮ್ಮ ದೇಶದಲ್ಲಿ ಈ ಕಾಟವಿಲ್ಲ. 60 ಹರ್ಟ್ಸ್‌ನ ಅಮೆರಿಕದಿಂದ ಬರುವ ಪಾಠಗಳನ್ನು ನೋಡಿ 1/60 ಇಟ್ಟುಕೊಳ್ಳುವ ಹುಡುಗರಿಗೆ ಇದನ್ನು ಈಗಲೂ ಹೇಳುತ್ತಲೇ ಇರಬೇಕಾಗಿದೆ. ನಿಧಾನಗತಿಯ ಷಾಟ್‌ಗಳಿಗೆ ಅಂಗಡಿಯ ದೀಪಗಳನ್ನೆಲ್ಲ ಆರಿಸಿ, ಮಿನುಗದ ನಮ್ಮ ದೀಪಗಳಲ್ಲೇ ಕೆಲಸ ಮಾಡಬೇಕು.

ಇನ್ನು ಜರಿಯ ವಿಷಯ. ಜರಿ ಲೋಹದಂತೆ ವರ್ತಿಸುತ್ತದೆ, ಅಂದರೆ ಸಣ್ಣ ಸಣ್ಣ ಕನ್ನಡಿಗಳ ಸಾಲಿನಂತೆ ತನ್ನೆದುರು ಇರುವುದನ್ನು ತೋರಿಸುತ್ತದೆ. ಎದುರಿಗೆ ಕತ್ತಲ ಚಾವಣಿ ಇದ್ದರೆ ಎಷ್ಟು ಬೆಲೆಬಾಳುವ ಜರಿಯೂ ಕಂದು ಪಟ್ಟಿಯಂತೆ ಕಾಣುತ್ತದೆ. ಎದುರಿಗೆ ಬರಿಯ ದೀಪವೊಂದಿದ್ದರೆ ಅಲ್ಲಲ್ಲಿ ಬಿಳಿಯ ಚುಕ್ಕಿಗಳು ಸಿಡಿದು ನಡುವೆಲ್ಲ ಕಪ್ಪಾಗುತ್ತದೆ. ಇನ್ನಷ್ಟು ದೀಪ ತಂದರೆ ಚುಕ್ಕಿಗಳು ಹೆಚ್ಚುತ್ತವೆಯೇ ಹೊರತು ಹೊಳಪು ಹರಡುವುದಿಲ್ಲ. ಆದ್ದರಿಂದ ಜರಿಯಲ್ಲಿ ಪ್ರತಿಫಲಿಸಿ ಕ್ಯಾಮೆರಾಗೆ ಕಾಣುವ ಜಾಗದಲ್ಲಿ ದೊಡ್ಡದೊಂದು ಬೆಳಕಿನ ಗೋಡೆಯನ್ನೇ ನಿಲ್ಲಿಸಬೇಕು. ಆರಡಿ ಉದ್ದ, ಆರಡಿ ಅಗಲದ, ಬೆಳಕನ್ನು ಮೃದುವಾಗಿ ಹರಡುವ ಸ್ಕಿಮ್ಮರ್ ಬಟ್ಟೆಯನ್ನು ಚೌಕಟ್ಟಿಗೆ ಕಟ್ಟಿ, ಸೀರೆಯ ಓರೆ ಹಿಂಬದಿಯಲ್ಲಿ ಎತ್ತರಕ್ಕೆ ನಿಲ್ಲಿಸಿ, ಬಟ್ಟೆಯ ಹಿಂದಿನಿಂದ ದೀಪ ಹಾಕುತ್ತೇನೆ. ಈಗ ಜರಿಯಲ್ಲಿ ಪ್ರತಿಫಲಿಸುವುದು ದೀಪವಲ್ಲ, ಬೆಳಗಿದ ಆ ಬಟ್ಟೆ. ಅಂಚಿನುದ್ದಕ್ಕೂ ಹೊಳಪು ಎಣ್ಣೆ ಸವರಿದಂತೆ ಹರಿಯುತ್ತದೆ. ಎದುರು ಬದಿಯಿಂದ ನಾಲ್ಕಡಿಯ ಥರ್ಮಾಕೋಲ್ ಹಲಗೆಯೊಂದನ್ನು ಹಿಡಿದರೆ ಮುಖಕ್ಕೆ ಬೇಕಾದಷ್ಟು ಬೆಳಕು ಬರುತ್ತದೆ.

ಬೆಳಕಿನ ಗೋಡೆಯನ್ನು ತೀರ ಹತ್ತಿರಕ್ಕೂ ತರಬಾರದು. ಮೂರಡಿ ದೂರದ ಹೆಗಲಿಗೂ ಐದಡಿ ದೂರದ ನೆರಿಗೆಗೂ ಬೀಳುವ ಬೆಳಕಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ವ್ಯತ್ಯಾಸವಿರುತ್ತದೆ. ಅದನ್ನೇ ಹತ್ತಡಿಗೂ ಹನ್ನೆರಡಡಿಗೂ ಸರಿಸಿದರೆ ವ್ಯತ್ಯಾಸ ಒಂದೂವರೆ ಪಟ್ಟಿಗಿಂತ ಕಡಿಮೆ. ಇಕ್ಕಟ್ಟಿನ ಅಂಗಡಿಯಲ್ಲಿ ಹತ್ತಡಿ ಸಿಗದೆ ಹೋಗಬಹುದು. ಆಗ ಹೆಗಲ ಕಡೆಯ ಬೆಳಕಿಗೆ ಅಡ್ಡವಾಗಿ ಕರಿಯ ಬಟ್ಟೆಯೊಂದನ್ನು ಇಳಿಬಿಡುವುದೇ ದಾರಿ.

ಹಾಸು ಎನ್ನುವ ಉದ್ದ ಎಳೆಗೆ ಒಂದು ಬಣ್ಣ, ಹೊಕ್ಕು ಎನ್ನುವ ಅಡ್ಡ ಎಳೆಗೆ ಇನ್ನೊಂದು ಬಣ್ಣವಿಟ್ಟು ನೇಯ್ದ ರೇಷ್ಮೆಯದು ಬೇರೆಯೇ ಆಟ. ಅದೇ ಬೆಳಕಿನಲ್ಲಿ ಬಟ್ಟೆಯನ್ನು ಕಾಲು ಸುತ್ತು ತಿರುಗಿಸಿದರೆ ಮೇಲಾಗಿ ಕಾಣುವ ಬಣ್ಣವೇ ಬದಲಾಗುತ್ತದೆ. ಅಂಥ ಸೀರೆಯನ್ನು ನಿಶ್ಚಲವಾಗಿ ತೋರಿಸುವುದು ಅದಕ್ಕೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಕೈಯೊಂದು ಮಡಿಕೆಯನ್ನು ಎತ್ತಿ ಬಿಡುವ ಷಾಟ್ ಪಟ್ಟಿಯಲ್ಲಿ ಇದ್ದೇ ಇರಬೇಕು.

ಕೆಂಪು ಬಣ್ಣ ಎರಡು ಕಡೆ ಮೋಸ ಮಾಡುತ್ತದೆ. ದೀಪದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ, ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಹೇಳುವ ಸಿಆರ್‌ಐ ಅಂಕಿ ಎಂಟು ತೆಳು ಬಣ್ಣಗಳ ಸರಾಸರಿಯಷ್ಟೆ; ಗಾಢ ಕೆಂಪಿನದು ಆರ್‌9 ಎಂಬ ಬೇರೆ ಅಂಕಿ, ಅದು ಆ ಸರಾಸರಿಯಲ್ಲಿ ಸೇರಿರುವುದಿಲ್ಲ. ಆರ್‌9 ಕಡಿಮೆಯಿರುವ ಅಗ್ಗದ ದೀಪದಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ದೀಪ ಒಳ್ಳೆಯದಾಗಿದ್ದಾಗ ಕ್ಯಾಮೆರಾ ದಾಖಲಿಸುವ ಕೆಂಪು, ಹಸಿರು, ನೀಲಿ ಚಾನೆಲ್ ಮೂರರಲ್ಲಿ ಕೆಂಪು ಒಂದೇ ಮಿತಿಮೀರಿ ತುಂಬಿ, ನೆರಿಗೆಗಳ ನೆರಳೆಲ್ಲ ಅಳಿಸಿಹೋಗುತ್ತದೆ. ಒಟ್ಟು ಬೆಳಕಿನ ಅಳತೆ ಅದನ್ನು ತೋರಿಸುವುದಿಲ್ಲ. ಮೂರು ಬಣ್ಣಗಳನ್ನೂ ಬೇರೆ ಬೇರೆಯಾಗಿ ತೋರಿಸುವ ಮಾನಿಟರ್ ಬಾಡಿಗೆಗೆ ತರುವುದು ಈ ಕಾರಣಕ್ಕೇ.

ಹೊರಾಂಗಣದ ಒಂದೆರಡು ಷಾಟ್ ಇದ್ದರೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಬೇಕು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನ ನಂತರವೂ ನಡುಹಗಲಿನ ಸೂರ್ಯ ನೆತ್ತಿಗೆ ಬಂದು ನೆರಳೇ ಇಲ್ಲದ ದಿನಗಳಿರುತ್ತವೆ. ಆ ಹೊತ್ತಿನಲ್ಲಿ ಮುಖ ತೆಗೆದರೆ ಕಣ್ಣಿನ ಗುಳಿಗಳು ಕಪ್ಪಾಗಿರುತ್ತವೆ.

ಕ್ಯಾಮೆರಾ? ಬಾಡಿಗೆಗೆ ಸಿಗುವ ಯಾವ ನಂಬಿಕಸ್ಥ 4ಕೆ ಕ್ಯಾಮೆರಾವೂ ಆದೀತು. ಜರಿಯ ಹೂವು ತುಂಬುವಷ್ಟು ಹತ್ತಿರ ಹೋಗಬಲ್ಲ ಮ್ಯಾಕ್ರೋ ಲೆನ್ಸ್ ಒಂದು, 50 ಅಥವಾ 85 ಮಿ.ಮೀ.ನ ಲೆನ್ಸ್ ಒಂದು ಇರಲಿ. ಸಣ್ಣ ನೇಯ್ಗೆಯ ಮೇಲೆ ಅಲೆಯಂಥ ಪಟ್ಟೆಗಳು ಕಂಡರೆ ಅರ್ಧ ಅಡಿ ಹಿಂದೆಯೋ ಮುಂದೆಯೋ ಸರಿಯಿರಿ.

ಬಣ್ಣ ತಿದ್ದುವ ದಿನ ನಾನು ಮಾಲೀಕರಿಂದ ಚಿತ್ರದಲ್ಲಿರುವ ಸೀರೆಗಳಲ್ಲಿ ಒಂದನ್ನು ಕೇಳಿ ತರುತ್ತೇನೆ. ರೀಲ್ ನೋಡಿದ ಗ್ರಾಹಕರು ಮೊಬೈಲನ್ನು ಸೀರೆಯ ಪಕ್ಕ ಹಿಡಿದು ಇದು ಅದೇ ಬಣ್ಣವೇ ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ಕೊಡಬೇಕಾದವರು ಕೌಂಟರಿನಲ್ಲಿ ನಿಂತ ಹುಡುಗಿಯರು. ಸೀರೆಯನ್ನು ಪರದೆಯ ಪಕ್ಕದಲ್ಲಿ 5600 ಕೆಲ್ವಿನ್ ದೀಪದ ಕೆಳಗೆ ಹಾಸಿಕೊಂಡು ಹೋಲಿಸಿ ನೋಡುತ್ತೇವೆ. ಮರಳಿಸುವಾಗ ಅದರ ಬೆಲೆಚೀಟಿ ಕಳಚದೆ ಇದೆಯೇ ಎಂದು ನೋಡಿ, ಕೈಬರಹದ ರಸೀದಿಯೊಂದನ್ನು ತಪ್ಪದೆ ಪಡೆಯುತ್ತೇನೆ.