‘ಸುಳ್ಳು ಸ್ವಾಮಿ’ ಅಂದ ಆರೋಪಿ ನಿಜಕ್ಕೂ ಏನು ಹೇಳಿದ?

ಕೊಲೆ ಮೊಕದ್ದಮೆಯೊಂದು ಸುದ್ದಿಯಲ್ಲಿದ್ದರೆ ಈ ಸಾಲು ಒಂದಲ್ಲ ಒಂದು ದಿನ ಬಂದೇ ಬರುತ್ತದೆ: ‘ನ್ಯಾಯಾಧೀಶರ ಎದುರು ಎಲ್ಲವನ್ನೂ ಅಲ್ಲಗಳೆದ ಆರೋಪಿ’. ಸಂಜೆಯ ಹೊತ್ತಿಗೆ ಚರ್ಚೆ ಶುರು. ಅಷ್ಟು ಜನ ಸಾಕ್ಷಿ ಹೇಳಿದ ಮೇಲೂ ಸುಳ್ಳು ಅಂತಾನಲ್ಲ, ಮುಖದಲ್ಲಿ ಒಂದಿಷ್ಟೂ ಪಶ್ಚಾತ್ತಾಪ ಇಲ್ಲವಲ್ಲ, ತಪ್ಪು ಮಾಡಿಲ್ಲದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ. ಕ್ರಿಮಿನಲ್ ಕೇಸು ನಡೆಸುವ ವಕೀಲರನ್ನು ಮದುವೆಮನೆಯಲ್ಲೂ ಹಿಡಿದು ನಿಲ್ಲಿಸಿ ಕೇಳುವ ಮಾತುಗಳಿವು. ಉತ್ತರಕ್ಕೆ ಮುಂಚೆ ನಾನು ಒಂದು ಮರುಪ್ರಶ್ನೆ ಹಾಕುತ್ತೇನೆ. ಅವನು ಪ್ರಮಾಣ ಮಾಡಿ ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿದನೋ, ಇಲ್ಲ ನ್ಯಾಯಾಧೀಶರು ಕೇಳಿದ್ದಕ್ಕೆ ಉತ್ತರ ಕೊಟ್ಟನೋ? ಹಾಗೆ ಎರಡು ಬಗೆ ಇದೆಯೆಂದೇ ಬಹಳ ಮಂದಿಗೆ ಗೊತ್ತಿರುವುದಿಲ್ಲ. ವರದಿ ಬರೆದವರೂ ಅದನ್ನು ಹೇಳಿರುವುದಿಲ್ಲ.

ನಮ್ಮ ಸೆಷನ್ಸ್ ನ್ಯಾಯಾಲಯಗಳಲ್ಲಿ ನಡೆಯುವುದು ಬಹುಪಾಲು ಎರಡನೆಯದು. ಪ್ರಾಸಿಕ್ಯೂಷನ್ ಕಡೆಯ ಸಾಕ್ಷಿಗಳೆಲ್ಲ ಮುಗಿದ ಮೇಲೆ, ಆರೋಪಿಯ ವಿರುದ್ಧ ಬಂದ ಒಂದೊಂದು ಅಂಶವನ್ನೂ ನ್ಯಾಯಾಧೀಶರೇ ಅವನ ಮುಂದಿಟ್ಟು ಏನು ಹೇಳುತ್ತೀಯ ಎಂದು ಕೇಳಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 313ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 351. ಆ ಹೊತ್ತಿಗೆ ವಿಚಾರಣೆಯಲ್ಲಿದ್ದ ಕೇಸುಗಳು ಹಳೆಯ ಸಂಹಿತೆಯಲ್ಲೇ ಸಾಗುವುದರಿಂದ, ಕೋರ್ಟ್ ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲಿ ಇನ್ನೂ ‘ಮುನ್ನೂರ ಹದಿಮೂರು’ ಎಂದೇ ಇದೆ.

ಪ್ರಶ್ನೆಗಳು ಮೊದಲೇ ಬರೆದು ಸಿದ್ಧವಾಗಿರುತ್ತವೆ. ‘ಘಟನೆಯ ರಾತ್ರಿ ಹತ್ತು ಗಂಟೆಗೆ ನಿನ್ನನ್ನು ಮೃತರ ಜೊತೆ ನೋಡಿದೆ ಎಂದು ಪಿಡಬ್ಲ್ಯೂ 4 (ಪ್ರಾಸಿಕ್ಯೂಷನ್ ಕಡೆಯ ನಾಲ್ಕನೇ ಸಾಕ್ಷಿ) ಹೇಳಿದ್ದಾರೆ, ಇದಕ್ಕೆ ಏನು ಹೇಳುತ್ತೀಯ?’ ‘ಸುಳ್ಳು ಸ್ವಾಮಿ.’ ‘ನೀನು ತೋರಿಸಿದ ಜಾಗದಿಂದ ಚಾಕು ವಶಪಡಿಸಿಕೊಂಡೆವೆಂದು ತನಿಖಾಧಿಕಾರಿ ಹೇಳಿದ್ದಾರೆ?’ ‘ಸುಳ್ಳು.’ ‘ವೈದ್ಯರು ಮರಣೋತ್ತರ ಪರೀಕ್ಷೆ ಮಾಡಿದ್ದಾಗಿ ಹೇಳಿದ್ದಾರೆ?’ ‘ಗೊತ್ತಿಲ್ಲ.’ ಸಾಕ್ಷಿಗಳು ಹೆಚ್ಚಿದ್ದರೆ ಇಂಥವು ನೂರು ದಾಟುತ್ತವೆ. ಕೊನೆಗೆ, ನಿನ್ನ ಕಡೆ ಸಾಕ್ಷಿ ಇದೆಯೇ, ಬೇರೆ ಏನಾದರೂ ಹೇಳುವುದಿದೆಯೇ ಎಂಬ ಪ್ರಶ್ನೆ. ಪ್ರಮಾಣವಚನ ಇಲ್ಲ, ಪಾಟಿ ಸವಾಲು ಇಲ್ಲ. ಉತ್ತರ ಕೊಡಲಿಲ್ಲವೆಂದೋ ಸುಳ್ಳು ಉತ್ತರ ಕೊಟ್ಟನೆಂದೋ ಅವನನ್ನು ಶಿಕ್ಷಿಸುವಂತಿಲ್ಲ ಎಂದು ಅದೇ ಕಲಂ ಹೇಳುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಬಲವಂತ ಮಾಡುವಂತಿಲ್ಲ ಎನ್ನುವ ಸಂವಿಧಾನದ 20(3)ನೇ ವಿಧಿ ಇದರ ಬೆನ್ನಿಗಿದೆ.

ಹಾಗಾಗಿ ಟಿವಿಯಲ್ಲಿ ಚರ್ಚೆಯಾಗುವ ಆ ‘ಅಲ್ಲಗಳೆದ’ ಎಂಬುದು ಹಲವು ಸಲ ಇಂಥ ನೂರು ಚುಟುಕು ಉತ್ತರಗಳ ಮೊತ್ತ. ಅದರಲ್ಲಿ ಪಶ್ಚಾತ್ತಾಪ ಹುಡುಕಿದರೆ ಎಲ್ಲಿಂದ ಸಿಗಬೇಕು?

ಪ್ರಮಾಣ ಮಾಡಿ ಸಾಕ್ಷಿ ನುಡಿಯುವ ದಾರಿಯೂ ಆರೋಪಿಗೆ ಇದೆ, ಆದರೆ ಅದು ಬಂದದ್ದು ತಡವಾಗಿ. 1955ರ ತಿದ್ದುಪಡಿಗೆ ಮುಂಚೆ ಭಾರತದಲ್ಲಿ ಆರೋಪಿ ತನ್ನದೇ ಕೇಸಿನಲ್ಲಿ ಪ್ರಮಾಣದ ಮೇಲೆ ಸಾಕ್ಷಿ ನುಡಿಯುವಂತಿರಲಿಲ್ಲ. ಇಂಗ್ಲೆಂಡಿನಲ್ಲಿ ಆ ಹಕ್ಕು 1898ರಲ್ಲೇ ಸಿಕ್ಕಿತ್ತು. ಈಗ ನಾಗರಿಕ ಸುರಕ್ಷಾ ಸಂಹಿತೆಯ 353ನೇ ಕಲಂ ಪ್ರಕಾರ ಆರೋಪಿ ಲಿಖಿತವಾಗಿ ಕೇಳಿಕೊಂಡರೆ ಮಾತ್ರ ಸಾಕ್ಷಿಕಟ್ಟೆ ಹತ್ತಬಹುದು. ಹತ್ತದಿದ್ದರೆ ಅದರ ಬಗ್ಗೆ ಎದುರು ಪಕ್ಷವಾಗಲಿ ಸ್ವತಃ ನ್ಯಾಯಾಲಯವಾಗಲಿ ಟೀಕೆ ಮಾಡುವಂತಿಲ್ಲ, ಅವನ ವಿರುದ್ಧ ಯಾವ ಊಹೆಯನ್ನೂ ಮಾಡುವಂತಿಲ್ಲ. ಇಂಗ್ಲೆಂಡು 1994ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಆರೋಪಿ ಸಾಕ್ಷಿ ನುಡಿಯದಿದ್ದರೆ ಜ್ಯೂರಿ, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಜನಸಾಮಾನ್ಯರ ತಂಡ, ಅದರಿಂದ ತನಗೆ ಸರಿಯೆನಿಸಿದ ತೀರ್ಮಾನಕ್ಕೆ ಬರಬಹುದು. ಅಮೆರಿಕದ ವಿಚಾರಣೆಗಳನ್ನು ಮೊಬೈಲಿನಲ್ಲಿ ನೋಡಿದ ಕಣ್ಣಿಗೆ ನಮ್ಮ ಆರೋಪಿಯ ಮೌನ ಅನುಮಾನಾಸ್ಪದವಾಗಿ ಕಾಣುವುದು ಸಹಜ. ಆದರೆ ನಮ್ಮಲ್ಲಿ ಸಾಕ್ಷಿಕಟ್ಟೆ ಹತ್ತದಿರುವುದೇ ರೂಢಿ. ಹತ್ತಿದರೆ ಪಾಟಿ ಸವಾಲಿಗೆ ಒಡ್ಡಿಕೊಳ್ಳಬೇಕು. ಪ್ರಾಸಿಕ್ಯೂಷನ್ ಕಡೆ ಉಳಿದಿದ್ದ ಸಂದುಗಳನ್ನು ಆರೋಪಿಯ ಬಾಯಿಂದಲೇ ಮುಚ್ಚಿಸಿಕೊಳ್ಳುವ ಅಪಾಯವನ್ನು ಯಾವ ವಕೀಲನೂ ಸುಮ್ಮನೆ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಆ ಚುಟುಕು ಉತ್ತರಗಳಿಗೆ ಬೆಲೆಯೇ ಇಲ್ಲವೇ? ಇದೆ, ಹೊರಗಿನವರು ಊಹಿಸದ ಜಾಗದಲ್ಲಿದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಆರೋಪಿ ಸಾಕ್ಷಿಕಟ್ಟೆಯಲ್ಲಿ ತನ್ನದೇ ರೀತಿಯಲ್ಲಿ ಹೇಳಿಕೊಳ್ಳಬಹುದಾದ ಮಾತಿನ ಸ್ಥಾನದಲ್ಲಿ ನಮ್ಮಲ್ಲಿ ಈ ಹೇಳಿಕೆ ಇದೆ, ಆದ್ದರಿಂದ ವಿಚಾರಣೆಯಲ್ಲಿ ಪರಿಗಣಿಸಬೇಕಾದ ಅತಿ ಮುಖ್ಯ ಸಂಗತಿಗಳಲ್ಲಿ ಇದೂ ಒಂದು ಎಂದು ಸುಪ್ರೀಂ ಕೋರ್ಟ್ 1953ರ ಹಾತೆ ಸಿಂಗ್ ಪ್ರಕರಣದಲ್ಲಿ ಹೇಳಿತು. 1984ರ ಶರದ್ ಬಿರ್ಧಿಚಂದ್ ಸಾರಡಾ ಪ್ರಕರಣ ಇನ್ನೂ ಕಟ್ಟುನಿಟ್ಟು: ಆರೋಪಿಯ ಮುಂದಿಟ್ಟು ವಿವರಣೆ ಕೇಳದ ಅಂಶವನ್ನು ಅವನ ವಿರುದ್ಧ ಬಳಸುವಂತಿಲ್ಲ.

ಇದರ ಪರಿಣಾಮ ದೊಡ್ಡದು. ಆರೋಪಿಯ ಅಂಗಿಯ ಮೇಲೆ ರಕ್ತದ ಕಲೆಯಿತ್ತು, ಅದು ಮೃತನ ಗುಂಪಿನ ರಕ್ತವೆಂದು ಪ್ರಯೋಗಾಲಯದ ವರದಿ ಬಂತು ಎಂದಿಟ್ಟುಕೊಳ್ಳಿ. ನ್ಯಾಯಾಧೀಶರು ಅಂಗಿ ವಶಪಡಿಸಿಕೊಂಡ ಮಹಜರಿನ ಬಗ್ಗೆ ಕೇಳಿದರು, ವರದಿಯ ಬಗ್ಗೆ ಕೇಳುವುದನ್ನು ಬಿಟ್ಟರು. ಜನರ ಬಾಯಲ್ಲಿ ಅತಿ ಬಲವಾದ ಸಾಕ್ಷ್ಯ ಎನಿಸಿಕೊಂಡ ಆ ವರದಿ ಮೇಲ್ಮನವಿಯಲ್ಲಿ ಲೆಕ್ಕಕ್ಕಿಲ್ಲದೆ ಹೋಗಬಹುದು. ಆಮೇಲಿನ ತೀರ್ಪುಗಳು ಇದನ್ನು ಕೊಂಚ ಸಡಿಲಿಸಿವೆ. ಬಿಟ್ಟುಹೋದ ಪ್ರಶ್ನೆಯಿಂದ ಆರೋಪಿಗೆ ನಿಜವಾಗಿ ಹಾನಿಯಾಗಿದೆಯೇ ಎಂದು ಈಗ ನೋಡುತ್ತಾರೆ, ಮೇಲಿನ ನ್ಯಾಯಾಲಯ ತಾನೇ ಆ ಪ್ರಶ್ನೆ ಕೇಳುವುದೂ ಉಂಟು. ಆದರೂ, ನಾಲ್ಕಾರು ಸಾಕ್ಷಿಗಳ ಮಾತನ್ನು ಒಂದೇ ಪ್ರಶ್ನೆಯಲ್ಲಿ ತುರುಕಿ ‘ಇದಕ್ಕೆಲ್ಲ ಏನಂತೀಯ’ ಎನ್ನುವ ಅಭ್ಯಾಸ ಹೋಗಿಲ್ಲ. 2008ರ ತಿದ್ದುಪಡಿ ಪ್ರಶ್ನೆ ಸಿದ್ಧಪಡಿಸಲು ಎರಡೂ ಕಡೆಯ ವಕೀಲರ ನೆರವು ಪಡೆಯಲು, ಆರೋಪಿಯಿಂದ ಲಿಖಿತ ಹೇಳಿಕೆ ತೆಗೆದುಕೊಳ್ಳಲು ಅವಕಾಶ ಕೊಟ್ಟಿತು. ಆ ಲಿಖಿತ ಹೇಳಿಕೆಯನ್ನು ಬಳಸಿಕೊಳ್ಳುವವರು ಕಡಿಮೆ. ಇದು ನಮ್ಮ ವಕೀಲ ಬಳಗದ ಮೇಲೆ ನನ್ನ ದೂರು.

‘ಎಲ್ಲದಕ್ಕೂ ಸುಳ್ಳು ಅಂದುಬಿಡು’ ಎಂಬುದು ಕಕ್ಷಿದಾರನಿಗೆ ಕೊಡುವ ಅತಿ ಸುಲಭದ ಸಲಹೆ. ಹಲವು ಕೇಸುಗಳಲ್ಲಿ ಅದೇ ಸರಿ, ಯಾಕೆಂದರೆ ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದು. ಆದರೆ ಮನೆಯ ನಾಲ್ಕು ಗೋಡೆಯೊಳಗೆ ಸಾವು ಸಂಭವಿಸಿದ್ದರೆ, ಆ ರಾತ್ರಿ ಮನೆಯಲ್ಲಿ ಇದ್ದವನು ಆರೋಪಿಯೇ ಆಗಿದ್ದರೆ, ಬರಿಯ ‘ಸುಳ್ಳು’ ಅವನಿಗೇ ಮುಳುವಾಗುತ್ತದೆ. ಒಬ್ಬನಿಗೆ ಮಾತ್ರ ವಿಶೇಷವಾಗಿ ಗೊತ್ತಿರಬಹುದಾದ ಸಂಗತಿಯನ್ನು ಅವನೇ ಸಾಬೀತು ಮಾಡಬೇಕು ಎನ್ನುವ ಕಲಂ ಸಾಕ್ಷ್ಯ ಕಾನೂನಿನಲ್ಲಿದೆ, ಹಿಂದೆ 106, ಈಗ 109. ಮನೆಯೊಳಗಿನ ಕೊಲೆಗಳಲ್ಲಿ ಮನೆಯವರು ತೃಪ್ತಿಕರ ವಿವರಣೆ ಕೊಡದೆ ಸುಮ್ಮನಿದ್ದು ಪಾರಾಗಲಾರರು ಎಂದು 2006ರ ತ್ರಿಮುಖ್ ಮಾರೋತಿ ಕಿರ್ಕನ್ ತೀರ್ಪು ಹೇಳಿತು. ಅಂಥ ಕಡೆ ಎರಡು ಪುಟದ ಸ್ಪಷ್ಟ ಹೇಳಿಕೆ, ತಾನು ಎಲ್ಲಿದ್ದೆ, ಯಾರಿಗೆ ಫೋನ್ ಮಾಡಿದೆ, ಬಾಗಿಲು ಯಾರು ತೆರೆದರು ಎಂಬ ವಿವರ, ನೂರು ‘ಸುಳ್ಳು’ಗಳಿಗಿಂತ ತೂಕದ್ದು. ವಿವರಣೆ ಸುಳ್ಳೆಂದು ತೇಲಿದರೂ ಅಷ್ಟರಿಂದಲೇ ಶಿಕ್ಷೆ ಆಗುವುದಿಲ್ಲ. ಸಾಂದರ್ಭಿಕ ಸಾಕ್ಷ್ಯದ ಸರಪಳಿ ಬೇರೆ ಕೊಂಡಿಗಳಿಂದಲೇ ಪೂರ್ಣವಾಗಿದ್ದರೆ ಮಾತ್ರ ಆ ಸುಳ್ಳು ಹೆಚ್ಚುವರಿ ಕೊಂಡಿಯಾಗುತ್ತದೆ. ಇದೂ ಸಾರಡಾ ತೀರ್ಪಿನದೇ ಮಾತು. ‘ಸಿಕ್ಕಿಬಿದ್ದ, ಸುಳ್ಳು ಹೇಳಿದ, ಕೇಸು ಮುಗೀತು’ ಎನ್ನುವವರು ಈ ಮೆಟ್ಟಿಲನ್ನು ಹಾರಿ ಹೋಗುತ್ತಾರೆ.

ಇನ್ನು ಮುಖಭಾವದ ವಿಚಾರ. ಸಾಕ್ಷಿ ನುಡಿಯುವವರ ಹಾವಭಾವದ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಮಾಡಿಕೊಳ್ಳಬಹುದೆಂದು ಕಾನೂನಿನಲ್ಲಿ ಇದೆ ನಿಜ. ಆದರೆ ಮುಖ ನೋಡಿ ಸತ್ಯ ಹೇಳುವ ಶಕ್ತಿ ಮನುಷ್ಯರಿಗೆ ಎಷ್ಟಿದೆ? ಈ ಬಗೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಬಾಂಡ್ ಮತ್ತು ಡಿಪೌಲೊ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಸಿಕ್ಕಿದ್ದು ಸರಾಸರಿ ಶೇ 54. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ.

ಆಸ್ಟ್ರೇಲಿಯಾದ ಲಿಂಡಿ ಚೇಂಬರ್ಲೇನ್ ಪ್ರಕರಣ ನೋಡಿ. 1980ರ ಆಗಸ್ಟಿನಲ್ಲಿ ಉಲುರು ಬಂಡೆಯ ಬಳಿಯ ಶಿಬಿರದಿಂದ ಅವರ ಒಂಬತ್ತು ವಾರದ ಮಗು ಕಾಣೆಯಾಯಿತು. ಡಿಂಗೋ ಎಂಬ ಕಾಡುನಾಯಿ ಹೊತ್ತೊಯ್ದಿತು ಎಂದು ತಾಯಿ ಮೊದಲ ದಿನದಿಂದ ಹೇಳುತ್ತಲೇ ಬಂದರು. ದೇಶವಿಡೀ ಮಾತಾಡಿಕೊಂಡದ್ದು ಆಕೆ ಎಲ್ಲರೆದುರು ಅಳಲಿಲ್ಲವಲ್ಲ ಎಂದು. 1982ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 1986ರಲ್ಲಿ ಮಗುವಿನ ಮೇಲಂಗಿ ಅಲ್ಲೇ ಹತ್ತಿರದಲ್ಲಿ ಸಿಕ್ಕಿತು, ಆಕೆಯ ಬಿಡುಗಡೆಯಾಯಿತು. ಕಾರಿನಲ್ಲಿ ಮಗುವಿನ ರಕ್ತವಿದೆ ಎಂದಿದ್ದ ಪರೀಕ್ಷೆಯೂ ನಿಲ್ಲಲಿಲ್ಲ, ಅಲ್ಲಿದ್ದದ್ದು ಸದ್ದು ತಗ್ಗಿಸಲು ಕಾರಿಗೆ ಬಳಿಯುವ ಲೇಪ. 1988ರಲ್ಲಿ ಶಿಕ್ಷೆ ರದ್ದು. ಡಿಂಗೋ ಎಂದು ಅಧಿಕೃತವಾಗಿ ದಾಖಲಾದದ್ದು 2012ರಲ್ಲಿ.

ಗೆಳತಿಯನ್ನು ಗುಂಡಿಕ್ಕಿ ಕೊಂದ ದಕ್ಷಿಣ ಆಫ್ರಿಕಾದ ಓಟಗಾರ ಆಸ್ಕರ್ ಪಿಸ್ಟೋರಿಯಸ್ ವಿಚಾರಣೆಯದು ಇದಕ್ಕೆ ತಿರುಗುಮುರುಗು. 2014ರ ಏಪ್ರಿಲಿನಲ್ಲಿ ಪ್ರಿಟೋರಿಯಾದ ಸಾಕ್ಷಿಕಟ್ಟೆಯಲ್ಲಿ ಆತ ಅತ್ತದ್ದೇ ಅತ್ತದ್ದು. ಆತನ ಸಾಕ್ಷ್ಯದ ದನಿ ಮಾತ್ರ ಪ್ರಸಾರವಾಗಬಹುದು, ಮುಖ ತೋರಿಸಬಾರದು ಎಂದಿದ್ದರೂ ಆ ಅಳು ನಿಜವೋ ನಟನೆಯೋ ಎಂದು ಜಗತ್ತೆಲ್ಲ ವಾದ ಮಾಡಿತು. ದಕ್ಷಿಣ ಆಫ್ರಿಕಾದಲ್ಲಿ ಜ್ಯೂರಿ ಇಲ್ಲ, ನಮ್ಮಂತೆಯೇ ಕಾರಣ ಬರೆದು ತೀರ್ಪು ಕೊಡಬೇಕು. ನ್ಯಾಯಾಧೀಶೆ ಮಸಿಪಾ ಆತನನ್ನು ತೀರಾ ಕಳಪೆ ಸಾಕ್ಷಿ, ನುಣುಚಿಕೊಳ್ಳುವವನು ಎಂದೇ ಬರೆದರು. ಬರೆದೂ, ಸತ್ಯ ಹೇಳದವನು ಅಷ್ಟಕ್ಕೇ ಅಪರಾಧಿಯಾಗುವುದಿಲ್ಲ ಎಂದು ಹೇಳಿ ಕೊಲೆಗಿಂತ ಕಡಿಮೆ ಅಪರಾಧಕ್ಕೆ ತಪ್ಪಿತಸ್ಥನೆಂದರು. 2015ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಕೊಲೆಯೆಂದು ಬದಲಿಸಿತು. ಬದಲಾವಣೆಗೆ ಕಣ್ಣೀರು ಕಾರಣವಾಗಲಿಲ್ಲ. ಪುಟ್ಟ ಶೌಚಗೃಹದ ಮುಚ್ಚಿದ ಬಾಗಿಲಿಗೆ ನಾಲ್ಕು ಗುಂಡು ಹಾರಿಸಿದವನಿಗೆ, ಒಳಗಿರುವವರು ಯಾರೇ ಆಗಲಿ, ಸಾಯಬಹುದೆಂಬುದು ತಿಳಿದೇ ಇರಬೇಕು ಎಂಬ ತರ್ಕ ಕಾರಣವಾಯಿತು. ಆ ಗುಂಡುಗಳ ಲೆಕ್ಕದ ಬಗ್ಗೆ ಯಾರಿಗೂ ತಕರಾರೇ ಇರಲಿಲ್ಲ.

ನಮ್ಮಲ್ಲಿ ಗೊಂದಲಕ್ಕೆ ಇನ್ನೊಂದು ಮೂಲವಿದೆ. ಬಂಧನವಾದ ಎರಡು ದಿನಕ್ಕೆ ‘ತಪ್ಪೊಪ್ಪಿಕೊಂಡಿದ್ದಾನೆ’ ಎಂದು ಪೊಲೀಸ್ ಮೂಲಗಳನ್ನು ಉಲ್ಲೇಖಿಸಿ ಸುದ್ದಿ ಬರುತ್ತದೆ. ವರ್ಷಗಳಾದ ಮೇಲೆ ಕೋರ್ಟಿನಲ್ಲಿ ಅಲ್ಲಗಳೆದರೆ ‘ಉಲ್ಟಾ ಹೊಡೆದ’ ಎಂಬ ಶೀರ್ಷಿಕೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂಬುದು 1872ರ ಸಾಕ್ಷ್ಯ ಅಧಿನಿಯಮದಿಂದ ಬಂದ ನಿಯಮ. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂನಲ್ಲಿದೆ. ಕಾನೂನಿನ ಮಟ್ಟಿಗೆ ಮೊದಲನೆಯ ಮಾತು ಕೋರ್ಟಿಗೆ ಬಂದೇ ಇಲ್ಲ, ಅಂದ ಮೇಲೆ ಅದನ್ನು ಬದಲಿಸಿದ ಎನ್ನುವುದು ಎಲ್ಲಿಂದ? ಒಪ್ಪಿಗೆಗೆ ತೂಕ ಬರಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ, ಸ್ವಇಚ್ಛೆಯಿಂದ, ಅವರು ಎಚ್ಚರಿಕೆ ಕೊಟ್ಟ ಮೇಲೆ ಆಡಿದ ಮಾತಾಗಿರಬೇಕು.

ವಿನಾಯಿತಿ ಒಂದಿದೆ. ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತುವೋ ಸಂಗತಿಯೋ ಹೊಸದಾಗಿ ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಿಸಿದ ಮಾತಿನ ತುಣುಕಷ್ಟನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು. ‘ಚಾಕು ಬಚ್ಚಿಟ್ಟ ಜಾಗ ತೋರಿಸುತ್ತೇನೆ’ ಎಂಬ ಸಾಲಿಗೆ ಕೋರ್ಟಿನಲ್ಲಿ ನಿಶಾನೆ ಬೀಳುತ್ತದೆ, ಅಂದರೆ ಗುರುತಿನ ಸಂಖ್ಯೆ ಹಾಕಿ ಸಾಕ್ಷ್ಯವಾಗಿ ದಾಖಲಿಸುತ್ತಾರೆ. ಅದರ ಹಿಂದಿನ ‘ಅವನನ್ನು ಇದೇ ಚಾಕುವಿನಿಂದ ಕೊಂದೆ’ ಎಂಬುದಕ್ಕೆ ಬೀಳುವಂತಿಲ್ಲ. ತನಿಖಾಧಿಕಾರಿ ಸಾಕ್ಷಿ ಹೇಳುವಾಗ ಇಡೀ ಹೇಳಿಕೆಗೆ ನಿಶಾನೆ ಕೊಡಿಸಲು ಹೊರಟರೆ ಆರೋಪಿ ಪರ ವಕೀಲ ಎದ್ದು ನಿಂತು ಆಕ್ಷೇಪಿಸುವುದು ಈ ಕಾರಣಕ್ಕೆ. ಆ ಆಕ್ಷೇಪಣೆ ಒಂದು ಸಾಲಿನಲ್ಲಿ ದಾಖಲಾಗುತ್ತದೆ, ಯಾವ ವರದಿಯಲ್ಲೂ ಬರುವುದಿಲ್ಲ.