ನವಿಲಿನ ನೀಲಿಗೆ ಬಣ್ಣದ ಹಂಡೆ ಬೇಕಿಲ್ಲ

ಮೊಳಕಾಲ್ಮೂರು ರೇಷ್ಮೆ ಸೀರೆಯ ಅಂಚಿನಲ್ಲಿ ನವಿಲು ನೀಲಿಯಾಗಿ ಕಾಣಬೇಕಾದರೆ ನೂಲು ಮೊದಲು ಬಣ್ಣದ ಹಂಡೆಗೆ ಇಳಿಯಬೇಕು. ಅದೇ ಚಿತ್ರದುರ್ಗ ಜಿಲ್ಲೆಯ ಜೋಗಿಮಟ್ಟಿ ಕಾಡಿನ ನವಿಲಿಗೆ ಹಂಡೆಯೂ ಇಲ್ಲ, ನೀಲಿ ವರ್ಣದ್ರವ್ಯವೂ ಇಲ್ಲ. ಉದುರಿದ ಗರಿಯೊಂದನ್ನು ಸೂರ್ಯನಿಗೆ ಅಡ್ಡ ಹಿಡಿದು ನೋಡಿ: ನೀಲಿ ಮಾಯವಾಗಿ ಬರೀ ಕಂದು ಉಳಿಯುತ್ತದೆ.

ಈ ಒಗಟಿಗೆ ಮೊದಲು ಕೈ ಹಾಕಿದವರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಒಬ್ಬ. 1665ರಲ್ಲಿ ಆತ ಗರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ನೀರು ಹನಿಸಿದ. ಬಣ್ಣ ಅಳಿಸಿಹೋಯಿತು! ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಪ್ರಿಯವಾದುದು ಆ ಒಂದು ಹನಿ ನೀರು. ಬಟ್ಟೆಯ ಬಣ್ಣ ನೀರಿಗೆ ಬಿಟ್ಟರೆ ನೀರೂ ಬಣ್ಣವಾಗುತ್ತದೆ. ಇಲ್ಲಿ ನೀರು ತಿಳಿಯಾಗಿಯೇ ಇತ್ತು.

ತೆಳುವಾದ ಪದರಗಳೇ ಕಾರಣವೆಂದು 1704ರಲ್ಲಿ ನ್ಯೂಟನ್ ಊಹಿಸಿದ. ಬೆಳಕು ಅಲೆಯೆಂದು ಥಾಮಸ್ ಯಂಗ್ ನೂರು ವರ್ಷಗಳ ಬಳಿಕ ತೋರಿಸಿದಾಗ ಆ ಊಹೆಗೆ ಬುಡ ಸಿಕ್ಕಿತು. ಪದರಗಳಿಂದ ಹಿಂತಿರುಗುವ ಅಲೆಗಳಲ್ಲಿ ಹೆಜ್ಜೆ ಕೂಡಿದ ಬಣ್ಣ ಬಲಗೊಳ್ಳುತ್ತದೆ, ಹೆಜ್ಜೆ ತಪ್ಪಿದ್ದು ಅಡಗುತ್ತದೆ.

ಗರಿಯ ಒಳಗುಟ್ಟನ್ನು ಚೀನಾದ ವಿಜ್ಞಾನಿಗಳು 2003ರಲ್ಲಿ ಅಳೆದು ಹೇಳಿದರು. ಗರಿಯ ಎಳೆಗಳ ಹೊರಪದರದಲ್ಲಿ ಮೆಲನಿನ್ ಎಂಬ ಕಂದು ವರ್ಣದ್ರವ್ಯದ ಕಡ್ಡಿಗಳು ಜಾಲರಿಯಂತೆ ಜೋಡಿಸಿಕೊಂಡಿವೆ, ನಡುವೆ ಗಾಳಿ. ಕಡ್ಡಿಗಳ ಅಂತರ ಸುಮಾರು 140 ನ್ಯಾನೊಮೀಟರ್ ಇದ್ದರೆ ನೀಲಿ, 150 ಇದ್ದರೆ ಹಸಿರು. ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನ ವ್ಯತ್ಯಾಸಕ್ಕೆ ಬಣ್ಣವೇ ಬದಲು! ಗಾಳಿಯ ಜಾಗಕ್ಕೆ ನೀರು ನುಗ್ಗಿದರೆ ಲೆಕ್ಕ ಕೆಡುತ್ತದೆ. ಹುಕ್ ಕಂಡದ್ದು ಇದನ್ನೇ.

ಇಂಥ ಜಾಲರಿಯನ್ನು ಮನುಷ್ಯನೇ ಕಟ್ಟಿದರೆ? ಸಿಂಗಪುರದ ಸಂಶೋಧಕರು 2012ರಲ್ಲಿ ಲೋಹದ ಟೋಪಿ ತೊಟ್ಟ ಅತಿಸಣ್ಣ ಕಂಬಗಳನ್ನು ನಿಲ್ಲಿಸಿ, ಇಂಚಿಗೆ ಒಂದು ಲಕ್ಷ ಚುಕ್ಕೆಗಳ ಬಣ್ಣದ ಚಿತ್ರ ಮೂಡಿಸಿದರು. ಫ್ಲಾರಿಡಾದ ವಿಶ್ವವಿದ್ಯಾಲಯವೊಂದರ ದೇಬಾಶಿಸ್ ಚಂದಾ ಅವರ ತಂಡ 2023ರಲ್ಲಿ ಅಲ್ಯೂಮಿನಿಯಂ ಕಣಗಳಿಂದಲೇ ಬಣ್ಣ ಕೊಡುವ ಪೇಂಟ್ ತಯಾರಿಸಿತು. ವರ್ಣದ್ರವ್ಯ ಬಿಸಿಲಿಗೆ ಕಳೆಗುಂದುತ್ತದೆ. ರಚನೆ ಕೆಡದಿರುವ ತನಕ ಈ ಬಣ್ಣ ಕಳೆಗುಂದುವುದಿಲ್ಲ.

ನೂಲಿನ ಮಾತೇ ಬೇರೆ. ಜಪಾನಿನ ತೇಜಿನ್ ಕಂಪನಿ ಪಾಲಿಯೆಸ್ಟರ್ ಮತ್ತು ನೈಲಾನ್ ಪದರಗಳನ್ನು ಒಂದೇ ಎಳೆಯೊಳಗೆ ಸೇರಿಸಿ ಮಾರ್ಫೊಟೆಕ್ಸ್ ಎಂಬ ನೂಲು ತಂದಿತ್ತು. ಪದರಗಳ ನಡುವೆ ಗಾಳಿಯಿಲ್ಲ, ಆದ್ದರಿಂದ ನೀರಿಗೂ ಎಡೆಯಿಲ್ಲ. ಮೊಳಕಾಲ್ಮೂರಿನ ಮಗ್ಗಕ್ಕೆ ಬರುವ ಎಳೆಯನ್ನು ನೂಲುವುದು ಹುಳು. ಅದರೊಳಗೆ ಪದರ ಜೋಡಿಸಲಾಗದು, ಹೊರಗೆ ಹಚ್ಚಬೇಕು. ಹಚ್ಚಿದ್ದು ಮಗ್ಗದ ಎಳೆತಕ್ಕೂ ಒಗೆತಕ್ಕೂ ತಡೆಯಬೇಕು.